ಓರೆ ಹೆಜ್ಜೆಯ ಹಾಡು

ಸೋಮವಾರ ಬೆಳಗ್ಗೆ ಲಾಂಡ್ರಿಯ ಬಾಗಿಲು ತೆರೆದರೆ ಊರಿನವರ ಸಂಭ್ರಮವೆಲ್ಲ ಕಲೆಯಾಗಿ ಬಂದು ಅಕ್ಕನ ಮೇಜಿನ ಮೇಲೆ ಬೀಳುತ್ತಿತ್ತು. ಕೋಟಿನ ತೋಳಿಗೆ ಕೇಕಿನ ಕ್ರೀಮು, ಬಿಳಿ ಅಂಗಿಯ ಕಾಲರಿಗೆ ಯಾರದೋ ತುಟಿಯ ಬಣ್ಣ, ರೇಷ್ಮೆಯ ಅಂಚಿಗೆ ಮೇಣದ ಹನಿ, ಪ್ಯಾಂಟಿನ ಎಡಗಾಲಿನ ತುದಿಗೆ ನೆಲದ ಧೂಳು. ಅಕ್ಕ ಒಂದೊಂದನ್ನೇ ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಮೂಗು ಮುರಿದು, ಚೀಟಿ ಚುಚ್ಚುತ್ತಿದ್ದಳು. ಎಡಗಾಲಿನ ತುದಿಗೆ ಧೂಳು ಕಂಡರೆ ಸಾಕು, "ಇವನೂ ಕುಣಿದಿದ್ದಾನೆ" ಎನ್ನುತ್ತಿದ್ದಳು. ಯಾವ ಹಾಡಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಮದುವೆಯಿರಲಿ, ಹುಟ್ಟುಹಬ್ಬವಿರಲಿ, ಕಚೇರಿಯಲ್ಲಿ ಯಾರನ್ನೋ ನಿವೃತ್ತಿ ಮಾಡಿ ಮನೆಗೆ ಕಳಿಸುವ ಔತಣವಿರಲಿ, ಕೊನೆಗೆ ಆ ಹಾಡು ಬರಲೇಬೇಕು. ಬಂದಾಗ ಮುದುಕರು ಮಕ್ಕಳೆನ್ನದೆ ಎಲ್ಲರೂ ಎದ್ದು, ಬಲಗಾಲು ಮುಂದಿಟ್ಟು, ಸೊಂಟ ಓರೆ ಮಾಡಿ, ಎಡಗಾಲನ್ನು ಎಳೆದು ಕುಪ್ಪಳಿಸಲೇಬೇಕು.

ಓರೆ ಓರೆ ಬಾರೇ ನಾರಿ,
ನೇರ ದಾರಿ ಬೇಜಾರ್ ದಾರಿ!

ಹಾಡು ಬರೆದವನು ಅಕ್ಕನ ತಮ್ಮ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬರೆದ. ಆಮೇಲೆ ನೀರಿನ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿದವನು ರಜೆ ಅರ್ಜಿ ಬಿಟ್ಟರೆ ಬೇರೇನೂ ಬರೆಯಲಿಲ್ಲ. ಆದರೂ ಬೀದಿಯಲ್ಲಿ ಅವನಿಗೆ 'ಕವಿ' ಎಂದೇ ಹೆಸರು. ಹಾಡನ್ನು ಮೊದಲ ಕ್ಯಾಸೆಟ್ಟಿನವನಿಗೆ ಒಂದು ಕೈಗಡಿಯಾರಕ್ಕೆ ಕೊಟ್ಟುಬಿಟ್ಟಿದ್ದ. ಗಡಿಯಾರ ಎರಡನೇ ವರ್ಷಕ್ಕೇ ನಿಂತಿತು, ಹಾಡು ನಿಲ್ಲಲಿಲ್ಲ. ಹಾಡಿನಿಂದ ಮನೆಗೆ ಬಂದದ್ದು ಹೆಸರು. ಹೊಟ್ಟೆಗೆ ಬಂದದ್ದೆಲ್ಲ ಲಾಂಡ್ರಿಯಿಂದ. ಕೆಳಗೆ ಲಾಂಡ್ರಿ, ಮೇಲೆ ಮನೆ; ಎರಡೂ ಅಕ್ಕನ ಹೆಸರಿನಲ್ಲಿದ್ದವು. ಅವಳು ಮದುವೆಯಾಗಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅವಳ ಎಡಗಾಲನ್ನು ಬಲಗಾಲಿಗಿಂತ ಎರಡು ಬೆರಳು ಗಿಡ್ಡ ಮಾಡಿ ಹೋಗಿತ್ತು. ಆ ಕಾಲಿನ ಮೇಲೆಯೇ ದಿನವಿಡೀ ನಿಂತು, ಇಸ್ತ್ರಿ ಒತ್ತಿ, ತಮ್ಮನನ್ನೂ ಅವನ ಹೆಂಡತಿಯನ್ನೂ ಅವರ ಮಗನನ್ನೂ ಈಗ ಮೂರು ತಿಂಗಳ ಹಿಂದೆ ಬಂದ ಸೊಸೆಯನ್ನೂ ಮಹಡಿಯ ಮೇಲೆ ಇರಿಸಿಕೊಂಡಿದ್ದಳು.

ಹಾಡಿಗೆ ನಲವತ್ತು ತುಂಬಿತೆಂದು ಟೀವಿಯ ಹುಡುಗಿಯೊಬ್ಬಳು ಕ್ಯಾಮೆರಾದವನನ್ನು ಕರೆದುಕೊಂಡು ಬಂದಳು. ತಮ್ಮ ಎರಡು ದಿನದಿಂದ ಕನ್ನಡಿಯ ಮುಂದೆ ತಯಾರಾಗುತ್ತಿದ್ದ. ಹೆಂಡತಿ ನೀಲಿ ರೇಷ್ಮೆಯುಟ್ಟು ಅವನ ಪಕ್ಕದಲ್ಲಿ, ಅರ್ಧ ಕ್ಯಾಮೆರಾಕ್ಕೆ ಬೀಳುವಂತೆ ಕೂತಳು.

"ಈ ಹಾಡು ಹುಟ್ಟಿದ್ದು ಹೇಗೆ ಸರ್?"

ತಮ್ಮ ಕಣ್ಣು ಮುಚ್ಚಿದ. ಕಣ್ಣು ಮುಚ್ಚದೆ ಅವನು ಈ ಪ್ರಶ್ನೆಗೆ ಉತ್ತರ ಹೇಳಿದ್ದನ್ನು ಯಾರೂ ಕಂಡಿರಲಿಲ್ಲ. "ಸಂಜೆ. ಸೇತುವೆ. ಆ ಕಡೆಯಿಂದ ಒಬ್ಬಳು ಹುಡುಗಿ ಬರ್ತಿದ್ಲು. ಗಾಳಿ ತಳ್ತಾ ಇತ್ತು. ಅವಳು ಒಂದು ಹೆಜ್ಜೆ ಈ ಕಡೆ, ಒಂದು ಹೆಜ್ಜೆ ಆ ಕಡೆ, ಅಲೆ ಥರ. ನಾನು ಅಲ್ಲೇ ನಿಂತುಬಿಟ್ಟೆ. ಮನೆಗೆ ಬರೋ ಅಷ್ಟರಲ್ಲಿ ಹಾಡು ಬಾಯಲ್ಲಿತ್ತು."

"ಆ ಹುಡುಗಿ ಈಗ ಎಲ್ಲಿದ್ದಾರೆ ಸರ್?"

ತಮ್ಮ ಕಣ್ಣು ಬಿಟ್ಟು ಪಕ್ಕಕ್ಕೆ ನೋಡಿದ. ಹೆಂಡತಿ ತಲೆ ತಗ್ಗಿಸಿದಳು. ಮೂವತ್ತೈದು ವರ್ಷದಿಂದ ಇದೇ ಪ್ರಶ್ನೆಗೆ ಹೀಗೇ ತಗ್ಗಿಸಿ ಅವಳ ಕತ್ತಿಗೆ ಅಭ್ಯಾಸವಾಗಿತ್ತು.

ಅಷ್ಟರಲ್ಲಿ ಅಕ್ಕ ತಮ್ಮನ ಕೋಟನ್ನು ಇಸ್ತ್ರಿ ಮಾಡಿ ಮೇಲೆ ತಂದಳು. ಬಾಗಿಲಿಂದ ಕುರ್ಚಿಯವರೆಗೆ ಕಾಲೆಳೆಯುತ್ತ ಬಂದು, ಕೋಟನ್ನು ಅವನ ತೊಡೆಯ ಮೇಲೆ ಎಸೆದಳು.

"ಇವರು?" ಎಂದಳು ಟೀವಿ ಹುಡುಗಿ.

"ನಮ್ಮಕ್ಕ. ಲಾಂಡ್ರಿ ನೋಡ್ಕೋತಾರೆ."

"ನೀವೂ ಕುಣೀತೀರಾ ಅಮ್ಮ, ಈ ಹಾಡಿಗೆ?"

"ನನಗೆಲ್ಲಿ ಪುರಸೊತ್ತು. ಕುಣಿದೋರ ಬಟ್ಟೆ ಒಗೀಬೇಕಲ್ಲ," ಎಂದು ಅಕ್ಕ ಕೆಳಗಿಳಿದಳು.

ಮಗನದು ಪಾರ್ಟಿಗಳಿಗೆ ಧ್ವನಿವರ್ಧಕ, ಬಣ್ಣದ ದೀಪ ಬಾಡಿಗೆಗೆ ಕೊಡುವ ವ್ಯಾಪಾರ. ಅಪ್ಪನ ಹಾಡೆಂದರೆ ಅವನಿಗೆ ಬಂಡವಾಳವಿಲ್ಲದ ಸರಕು. ಟೀವಿಯವರು ಒಂದು ದೊಡ್ಡ ಸಭಾಂಗಣದಲ್ಲಿ ಕಾರ್ಯಕ್ರಮ ಮಾಡುತ್ತಾರೆ, ಅಪ್ಪನಿಗೆ ಗಾಜಿನ ಫಲಕ ಕೊಡುತ್ತಾರೆ, ಅವತ್ತೇ ತನ್ನ ಹೊಸ ಆವೃತ್ತಿಯನ್ನೂ ಬಿಡುಗಡೆ ಮಾಡಿಸುತ್ತೇನೆ ಎಂದು ಊಟಕ್ಕೆ ಕೂತಾಗಲೂ ಎದ್ದಾಗಲೂ ಹೇಳುತ್ತಿದ್ದ. ಹೆಜ್ಜೆ ಕಲಿಸುವ ಕೆಲಸ ಸೊಸೆಯದು. ಅವಳು ವ್ಯಾಯಾಮ ಶಾಲೆಯಲ್ಲಿ ತೂಕ ಇಳಿಸಲು ಬರುವವರಿಗೆ ಕುಣಿತ ಹೇಳಿಕೊಡುತ್ತಿದ್ದಳು. ಮಾತಿಗೆ ಮುಂಚೆ ಯೋಚಿಸುವ ಅಭ್ಯಾಸ ಅವಳಿಗಿರಲಿಲ್ಲ.

ಆ ರಾತ್ರಿ ಮೇಜಿನ ಸುತ್ತ ಎಲ್ಲರೂ ಕೂತಿದ್ದರು. ಅಕ್ಕ ಅಡುಗೆಮನೆಯಲ್ಲಿ ಬೇಯಿಸಿದ ಆಲೂಗಡ್ಡೆಯನ್ನು ಬಟ್ಟಲಿಗೆ ಸುರಿಯುತ್ತಿದ್ದಳು.

"ಮಾವ, ಇದರ ಎಲ್ಲಾ ಆವೃತ್ತಿ ಹುಡುಕಿ ನೋಡ್ದೆ," ಎಂದಳು ಸೊಸೆ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ. "ಒಂದೊಂದೂ ಒಂದೊಂದು ಥರ. ಸಿನಿಮಾದಲ್ಲಿ ಬಂತಲ್ಲ, ಅದರಲ್ಲಿ ಆ ನಾಯಕಿಗೆ ಕಾಲೆತ್ತೋಕೇ ಬರಲ್ಲ, ಬರೀ ಸೊಂಟ ಅಲ್ಲಾಡಿಸ್ತಾಳೆ. ಆಮೇಲೆ ಬಂದ ರೀಮಿಕ್ಸಲ್ಲಿ ಎಲ್ಲ ಕಪ್ಪೆ ಥರ ಎಗರ್ತಾರೆ. ಮಕ್ಕಳ ಹಾಡಲ್ಲಿ ನಾರಿ ಹೋಗಿ ಏಡಿ ಆಗಿದೆ."

"ಜಿರಳೆ ಔಷಧಿ ಜಾಹೀರಾತು ಬಿಟ್ಟೆ," ಎಂದ ಮಗ. "ಓರೆ ಓರೆ ಓಡೇ ಜಿರಳೆ! ಅದೇ ಎಲ್ಲಕ್ಕಿಂತ ಜಾಸ್ತಿ ಓಡಿದ್ದು."

"ಚುನಾವಣೆಗೂ ಹಾಕಿದ್ರು," ಎಂದಳು ತಮ್ಮನ ಹೆಂಡತಿ, ಹೆಮ್ಮೆಯಿಂದ. "ಓರೆ ಓರೆ ಹೋದ್ರು ಅವರು, ನೇರ ಬಂದ್ರು ನಮ್ಮವರು ಅಂತ. ಅವರು ಗೆದ್ದರು ಕೂಡ."

"ಗೆದ್ದು ಜಿರಳೆ ಥರಾನೇ ಓಡಿದ್ರು," ಎಂದು ಅಡುಗೆಮನೆಯಿಂದ ಅಕ್ಕನ ದನಿ ಬಂತು.

ಸೊಸೆ ನಕ್ಕಳು. "ಅದಿರಲಿ ಮಾವ, ನನಗೆ ಮೊದಲನೇ ಹೆಜ್ಜೆ ಬೇಕು. ಯಾರೂ ಕೆಡಿಸದೆ ಇರೋದು. ನೀವು ಮೊದಲ ಸಲ ಹೇಗೆ ಮಾಡಿದ್ರೋ ಹಾಗೇ ತೋರಿಸಿ."

"ಈ ವಯಸ್ಸಲ್ಲಿ ಏನಮ್ಮ," ಎನ್ನುತ್ತಲೇ ತಮ್ಮ ಕುರ್ಚಿ ಹಿಂದೆ ಸರಿಸಿ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಕೈಯನ್ನು ತಟ್ಟೆ ಹಿಡಿದವನಂತೆ ಎದೆಯ ಮುಂದೆ ಇಟ್ಟುಕೊಂಡ. ಬಲಗಾಲು ಮುಂದಿಟ್ಟ, ಭುಜ ಕೆಳಗೆ ಹೋಯಿತು, ಸೊಂಟ ಓರೆಯಾಯಿತು, ಎಡಗಾಲು ಒಂದು ಕ್ಷಣ ತಡೆದು ಹಿಂದಿನಿಂದ ಎಳೆದುಕೊಂಡು ಬಂತು. ನಲವತ್ತು ವರ್ಷವಾದರೂ ಹೆಜ್ಜೆ ಒಂದಿಷ್ಟೂ ಮಾಸಿರಲಿಲ್ಲ. ಕಿಟಕಿಯಿಂದ ಮೇಜಿನ ಕಡೆಗೆ ಅವನು ಹಾಗೆ ಬರುತ್ತಿದ್ದಾಗ, ಅಡುಗೆಮನೆಯ ಬಾಗಿಲಿಂದ ಅಕ್ಕ ಬಟ್ಟಲು ಹಿಡಿದು ಮೇಜಿನ ಕಡೆಗೆ ಬಂದಳು.

ಸೊಸೆ ಒಮ್ಮೆ ಮಾವನನ್ನು ನೋಡಿದಳು, ಒಮ್ಮೆ ಅಕ್ಕನನ್ನು ನೋಡಿದಳು.

"ಅಯ್ಯೋ, ಇದು ದೊಡ್ಡತ್ತೆ ನಡಿಗೆ!" ಎಂದು ಚಪ್ಪಾಳೆ ತಟ್ಟಿದಳು. "ಅಚ್ಚು ಹೊಡೆದ ಹಾಗೆ ಅದೇ! ಮಾವ, ನೀವು ದೊಡ್ಡತ್ತೇನ ನೋಡಿ ಬರೆದಿದ್ದಾ?"

ಕಾಲನ್ನು ಎಳೆಯುತ್ತಿದ್ದ ತಮ್ಮ ಅಲ್ಲಿಯೇ ನಿಂತ. ಹೆಂಡತಿ ನಗಲು ನೋಡಿದಳು. "ಏನೇ ಮಾತು ಅದು! ಸೇತುವೆ ಮೇಲೆ ಬಂದಿದ್ದು ನಾನು. ಕೇಳು ಬೇಕಾದ್ರೆ."

ಯಾರೂ ಕೇಳಲಿಲ್ಲ. ಅಕ್ಕ ಬಟ್ಟಲನ್ನು ಮೇಜಿನ ನಡುವೆ ಇಟ್ಟು, "ಬಿಸಿ ಇದೆ, ತಿನ್ನಿ," ಎಂದಳು. ತಮ್ಮ ಕೂತು ಉಪ್ಪು ಕೇಳಿದ. ಉಪ್ಪು ಅವನ ಮುಂದೆಯೇ ಇತ್ತು.

ಮರುದಿನ ಬೆಳಗ್ಗೆ ತಮ್ಮನ ಹೆಂಡತಿ ಲಾಂಡ್ರಿಗೆ ಇಳಿದು ಬಂದಳು. ಮದುವೆಯಾಗಿ ಬಂದಾಗಿನಿಂದ ಅವಳು ಆ ಮೆಟ್ಟಿಲು ಇಳಿದದ್ದು ಬೀದಿಗೆ ಹೋಗಲು ಮಾತ್ರ; ಆವಿ ಅವಳಿಗೆ ಆಗುತ್ತಿರಲಿಲ್ಲ. ಮೂಗಿಗೆ ಕರವಸ್ತ್ರ ಹಿಡಿದು ಗಂಜಿ ಹಾಕಿದ ಅಂಗಿಗಳ ಸಾಲಿನ ಪಕ್ಕ ನಿಂತಳು.

"ಅಕ್ಕ, ನಮ್ಮ ಸೊಸೆ ಹೇಳಿದ್ದು ನಿಜಾನಾ?"

"ನಿನ್ನ ಗಂಡನ್ನ ಕೇಳು."

"ಕೇಳಿದೆ. ತಲೆನೋವು ಅಂದ್ರು."

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ಆಗ ಪಕ್ಕದ ಬೀದೀಲಿದ್ದ ಇವನ ಸ್ನೇಹಿತನ ಹುಟ್ಟುಹಬ್ಬ. ನಮ್ಮ ಮನೇಲೇ ಮಾಡಿದ್ರು, ಅವರ ಮನೆ ಚಿಕ್ಕದು ಅಂತ. ಹನ್ನೆರಡು ಜನ ಹುಡುಗರು. ಚಹಾ ಮಾಡಿ ತಾ ಅಂದ್ರು, ಮಾಡಿ ತಂದೆ. ನಾನು ಬಾಗಿಲಿಗೆ ಬಂದ ಕೂಡ್ಲೆ ಒಬ್ಬ ಡಬ್ಬ ಬಡಿಯೋಕೆ ಶುರು ಮಾಡಿದ. ಇವನು ಎದ್ದು ನಿಂತು ಹಾಡಿದ. ಮೊದಲೇ ಬರೆದು ಇಟ್ಕೊಂಡಿದ್ದ. ನಾನು ಆ ಕಡೆ ಗೋಡೆವರೆಗೂ ಹೋಗಿ ಎಲ್ಲರಿಗೂ ಲೋಟ ಕೊಡೋ ತನಕ ಹಾಡು ಮುಗೀಲಿಲ್ಲ."

"ಅದರಲ್ಲಿ ನಾರಿ ಅಂತ..."

"ನಾರಿ ಕ್ಯಾಸೆಟ್ಟಿನವನು ಹಾಕಿದ್ದು. ಆಗ ಕೋಳಿ ಅಂತಿತ್ತು. ಬೀದಿ ಹುಡುಗರು ನನಗೆ ಓರೆ ಕೋಳಿ ಅಂತಿದ್ರು. ಆ ಹೆಸರು ಕೊಟ್ಟಿದ್ದೂ ಇವನೇ."

ತಮ್ಮನ ಹೆಂಡತಿ ಕರವಸ್ತ್ರ ಕೆಳಗಿಳಿಸಿದಳು. ಆವಿ ಮುಖಕ್ಕೆ ಹೊಡೆದರೂ ಅವಳಿಗೆ ಗೊತ್ತಾದಂತೆ ಕಾಣಲಿಲ್ಲ. "ಮೂವತ್ತೈದು ವರ್ಷ! ನನ್ನ ತಂಗೀರಿಗೆ ಹೇಳಿದೀನಿ. ಬೀಗರಿಗೆ ಹೇಳಿದೀನಿ. ಮದುವೆ ಮನೇಲೆಲ್ಲ ನನ್ನನ್ನ ಮಧ್ಯ ನಿಲ್ಲಿಸಿ ಸುತ್ತ ಕುಣೀತಾರೆ. ನೀವು ನೋಡ್ತಾ ಕೂತಿದ್ರಿ! ಯಾಕೆ ಹೇಳಲಿಲ್ಲ?"

"ಯಾಕೆ ಹೇಳಬೇಕು? ನಿನಗೆ ಆ ಹಾಡು ಬೇಕಿತ್ತು, ನನಗೆ ಬೇಡವಾಗಿತ್ತು. ಇಟ್ಕೊಳ್ಳಲಿ ಅಂತ ಬಿಟ್ಟೆ."

"ನನ್ನನ್ನ ಹುಚ್ಚಿ ಮಾಡಿದ್ರಿ."

"ನಾನು ಮಾಡಿದ್ನಾ?" ಎಂದು ಅಕ್ಕ ಮತ್ತೆ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು. "ಜರುಗು, ಬಿಸಿ ತಾಕುತ್ತೆ."

ಆ ವಾರ ಮೇಲಿನ ಮನೆಯಲ್ಲಿ ಪಾತ್ರೆಗಳು ಮನುಷ್ಯರಿಗಿಂತ ಹೆಚ್ಚು ಮಾತಾಡಿದವು. ಹೆಂಡತಿ ತಮ್ಮನ ತಟ್ಟೆಯನ್ನು ಇಡುವುದಕ್ಕೆ ಬದಲು ಕುಕ್ಕುತ್ತಿದ್ದಳು. ಮೂರನೆಯ ದಿನ ಮಧ್ಯಾಹ್ನದ ಊಟಕ್ಕೆ ಮಗನೂ ಸೊಸೆಯೂ ಇದ್ದಾಗಲೇ ಬಾಯಿ ಬಿಟ್ಟಳು.

"ಸೇತುವೆ ಎಲ್ಲಿತ್ತು ಹೇಳಿ."

"ಯಾವ ಸೇತುವೆ?"

"ನಾನು ನಡ್ಕೊಂಡು ಬಂದಿದ್ದು! ನಮ್ಮ ಮನೆಯಿಂದ ಎಲ್ಲಿಗೆ ಹೋಗೋಕೂ ಸೇತುವೆ ದಾಟೋ ಹಾಗಿರಲಿಲ್ಲ. ಮೊದಲು ನೀವು ಹೇಳಿದಾಗಲೇ ನನಗೆ ಅನುಮಾನ. ಇರಲಿ, ಕವಿಗಳು, ಒಂದು ಸೇತುವೆ ಕಟ್ಟಿಸಿರಬೇಕು ಅಂದ್ಕೊಂಡೆ."

"ನೋಡೇ, ಕಲೆ ಅಂದ್ರೆ ಎಲ್ಲಿಂದಲೋ ಶುರುವಾಗುತ್ತೆ, ಎಲ್ಲೋ ಹೋಗಿ..."

"ಅಕ್ಕನ ಕಾಲಿಂದ ಶುರುವಾಗಿ ನನ್ನ ತಲೆ ಮೇಲೆ ಬಂದು ಕೂತಿತಾ?"

ತಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. "ಹೌದು, ಅಕ್ಕನ್ನ ನೋಡೇ ಬರೆದೆ. ಅದರಲ್ಲೇನು ತಪ್ಪು? ಅವಳ ಮೇಲೆ ನನಗೆ ಪ್ರೀತಿ ಇರಲಿಲ್ವಾ? ಅಂಥಾ ಕಾಲಿಟ್ಕೊಂಡು ಅವಳು ಹೇಗೆ ಧೈರ್ಯವಾಗಿ ನಡೀತಿದ್ಲು! ಅದನ್ನ ನೋಡಿ ನನಗೆ..." ಹೇಳುತ್ತ ಹೇಳುತ್ತ ಅವನ ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು.

ಮಗ ಕೈ ತೊಳೆಯಲು ಎದ್ದವನು ತಿರುಗಿ ನಿಂತ. "ಅಪ್ಪ, ಇನ್ನೊಂದ್ಸಲ ಹೇಳು."

"ಏನನ್ನ?"

"ಅದೇ, ಧೈರ್ಯದ್ದು. ಇದು ಸೇತುವೆಗಿಂತ ಸಾವಿರ ಪಾಲು ಚೆನ್ನಾಗಿದೆ! ಹುಡುಗಿ ನೋಡಿ ಹಾಡು ಬರೆಯೋರು ಬೇಕಾದಷ್ಟು ಜನ. ಕಾಲಿಲ್ಲದ ಅಕ್ಕನಿಗೆ ತಮ್ಮ ಬರೆದ ಹಾಡು ಅಂದ್ರೆ ಜನ ಕಣ್ಣೀರು ಹಾಕ್ತಾರೆ."

"ಕಾಲು ಇದೆ," ಎಂದಳು ಸೊಸೆ. "ಮತ್ತೆ ಅದು ಗೇಲಿ ಹಾಡಂತೆ ಕಣ್ರೀ."

"ನೀನು ಸುಮ್ನಿರು. ನಿನ್ನ ಬಾಯಿಂದಲೇ ಇಷ್ಟೆಲ್ಲ ಆಗಿದ್ದು."

ಅವನು ಅಲ್ಲಿಂದಲೇ ಟೀವಿ ಹುಡುಗಿಗೆ ಫೋನ್ ಮಾಡಿದ. ಅಕ್ಕನನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವಳು ಕೆಳಗೆ ಹೋಟೆಲಿನ ಹಾಸಿಗೆ ಹೊದಿಕೆಗಳನ್ನು ಮಡಚುತ್ತಿದ್ದಳು. ಕೇಳಬೇಕಿದ್ದರೆ ಹದಿನಾರು ಮೆಟ್ಟಿಲು ಇಳಿಯಬೇಕಿತ್ತು.

ಆದ್ದರಿಂದ ಅಕ್ಕನಿಗೆ ವಿಷಯ ತಿಳಿದದ್ದು ಗಿರಾಕಿಯಿಂದ. ಯಾರೋ ದೊಡ್ಡ ಮನುಷ್ಯರ ಹೆಂಡತಿ ಪರದೆ ಒಗೆಯಲು ಕೊಡಲು ಬಂದವಳು, ಪರದೆಯ ಗಂಟು ಕೆಳಗಿಟ್ಟು ಅಕ್ಕನ ಎರಡೂ ಕೈ ಹಿಡಿದುಕೊಂಡಳು. "ನಿನ್ನೆ ಟೀವೀಲಿ ತೋರಿಸಿದ್ರು. ನಿಮ್ಮ ತಮ್ಮ ಹೇಳ್ತಾ ಇದ್ರೆ ನನಗೆ ಅಳು ತಡೆಯೋಕಾಗಲಿಲ್ಲ ಕಣ್ರೀ. ಎಂಥಾ ತಮ್ಮ! ನೀವು ಪುಣ್ಯವಂತರು. ಭಾನುವಾರದ ಕಾರ್ಯಕ್ರಮಕ್ಕೆ ನೀವೂ ಬರ್ತೀರಂತಲ್ಲ?" ಹೇಳುತ್ತಾ ಹೇಳುತ್ತಾ ಅವಳ ದೃಷ್ಟಿ ಮೇಜಿನ ಕೆಳಗೆ, ಅಕ್ಕನ ಕಾಲಿನ ಕಡೆಗೆ ಹೋಗಿ ಬಂತು.

ಅಕ್ಕ ಕೈ ಬಿಡಿಸಿಕೊಂಡಳು. "ಪರದೆ ಮಂಗಳವಾರ ಸಿಗುತ್ತೆ," ಎಂದಳು.

ಅಂದು ಊಟದ ಹೊತ್ತಿಗೆ ಅವಳು ಮೇಲೆ ಹೋದಾಗ ತಮ್ಮನೂ ಮಗನೂ ಮಾತು ನಿಲ್ಲಿಸಿದರು.

"ಏನು ಕವಿಗಳೇ, ನಾನು ಧೈರ್ಯವಂತೆ ಅಂತೆ?"

"ಅಕ್ಕ, ನಿನಗೆ ಹೇಳೋಣ ಅಂತಲೇ ಇದ್ದೆ..."

"ಮೊದಲು ಕೋಳಿ. ಆಮೇಲೆ ಇವಳು. ಈಗ ಧೈರ್ಯ. ಹಾಡಿಗಿಂತ ನಿನ್ನ ಸುಳ್ಳಿಗೇ ಆವೃತ್ತಿ ಜಾಸ್ತಿ ಕಣೋ."

"ಅತ್ತೆ, ಹಳೇದನ್ನೆಲ್ಲ ಯಾಕೆ ಕೆದಕ್ತೀರಿ," ಎಂದ ಮಗ. "ನೀವು ವೇದಿಕೆಗೆ ಬಂದು ಎರಡು ಮಾತು ಹೇಳಿದ್ರೆ ಸಾಕು. ಈ ಹಾಡು ನನಗೆ ಬದುಕೋ ಶಕ್ತಿ ಕೊಟ್ಟಿತು, ಅಷ್ಟೇ. ನಾನೇ ಬರೆದುಕೊಡ್ತೀನಿ."

"ನೀನೂ ಬರೀತೀಯಾ? ವಂಶವೇ ಕವಿಗಳದ್ದು."

"ಬರಬೇಡಿ ಅಕ್ಕ," ಎಂದಳು ತಮ್ಮನ ಹೆಂಡತಿ ಗೋಡೆಯ ಕಡೆ ನೋಡುತ್ತ. "ಊರೆಲ್ಲ ನನ್ನನ್ನ ನೋಡಿ ನಗಲಿ ಅಂತಾನಾ?"

ಅಕ್ಕ ಎಲ್ಲರ ಮುಖವನ್ನೂ ನೋಡಿದಳು. ಯಾವ ಕಲೆ ಯಾವ ಔಷಧಿಗೆ ಹೋಗುತ್ತದೆಂದು ನೋಡುವ ಹಾಗೆ. ಆಮೇಲೆ ಅನ್ನ ಬಡಿಸಿಕೊಂಡಳು.

"ಬರ್ತೀನಿ," ಎಂದಳು. "ಆದರೆ ನೀವು ಬರೆದುಕೊಟ್ಟಿದ್ದು ಹೇಳಲ್ಲ. ನನಗೂ ಓದು ಬರಹ ಬರುತ್ತೆ."

ಭಾನುವಾರ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಮಗನ ಬಣ್ಣದ ದೀಪಗಳು ಎಲ್ಲರ ಮುಖಕ್ಕೂ ಕಾಮಾಲೆ ಬಂದಂತೆ ಹಳದಿ ಬಳಿದಿದ್ದವು. ಮೊದಲು ಸಿನಿಮಾದ ಆವೃತ್ತಿ ಹಾಡಿದರು, ಆಮೇಲೆ ಏಡಿಯ ವೇಷದ ಮಕ್ಕಳು ಬಂದು ಹೋದರು, ಜಿರಳೆ ಔಷಧಿಯವರು ಎಲ್ಲರಿಗೂ ಒಂದೊಂದು ಪೊಟ್ಟಣ ಹಂಚಿದರು. ಸೊಸೆ ಹೆಜ್ಜೆ ಕಲಿಸಬೇಕಿತ್ತು. ಅವಳು ಬೆಳಗ್ಗೆಯೇ ಕಾಲು ಉಳುಕಿದೆ ಎಂದು ಗಂಡನಿಗೆ ಹೇಳಿ, ಏನೂ ಉಳುಕದ ಕಾಲಿನಲ್ಲಿ ಅಕ್ಕನ ಜೊತೆ ನಡೆದು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ತಮ್ಮನಿಗೆ ಗಾಜಿನ ಫಲಕ ಕೊಟ್ಟು ವೇದಿಕೆಯ ಸೋಫಾದಲ್ಲಿ ಕೂರಿಸಿದರು. ಅವನು ಧೈರ್ಯದ ಕಥೆ ಹೇಳಿದ. ಕಣ್ಣು ಮುಚ್ಚಿಯೇ ಹೇಳಿದ. ಜನ ಕರವಸ್ತ್ರ ತೆಗೆದರು.

ಆಮೇಲೆ ನಿರೂಪಕ ಅಕ್ಕನನ್ನು ಕರೆದ. ಅವಳು ಮೆಟ್ಟಿಲು ಹತ್ತಿ ಕಾಲೆಳೆಯುತ್ತ ವೇದಿಕೆಯ ನಡುವಿಗೆ ಬರುವಷ್ಟು ಹೊತ್ತೂ ಯಾರೋ ಹಿಂದಿನಿಂದ ಹಾಡಿನ ತಾಳವನ್ನು ಮೆಲ್ಲಗೆ ನುಡಿಸಿದರು. ನಿರೂಪಕನಿಗೆ ಅದು ಬಹಳ ಹಿಡಿಸಿತು.

"ಅಮ್ಮ, ಇಡೀ ಊರು ನಿಮ್ಮ ಹೆಜ್ಜೆ ಹಾಕಿ ಕುಣಿಯುತ್ತೆ. ನೋಡಿದಾಗ ಏನನ್ನಿಸುತ್ತೆ?"

"ಯಾರಿಗೂ ಸರಿಯಾಗಿ ಬರಲ್ಲ ಅನ್ನಿಸುತ್ತೆ," ಎಂದಳು ಅಕ್ಕ.

ಜನ ಬಿದ್ದು ಬಿದ್ದು ನಕ್ಕರು. ನಗು ನಿಲ್ಲುವವರೆಗೆ ಅವಳು ಕಾದಳು. "ಇವನು ಹೇಳಿದ್ದು ಸುಳ್ಳು. ನಾನು ಚಹಾ ತಟ್ಟೆ ಹಿಡ್ಕೊಂಡು ಬರ್ತಿದ್ದಾಗ ಗೇಲಿ ಮಾಡೋಕೆ ಬರೆದದ್ದು. ಮೊದಲು ಹೇಗಿತ್ತು ಅಂತ ನಾನೇ ಹೇಳ್ತೀನಿ, ಕೇಳಿ." ಅವಳು ಹಾಡುಗಾರ್ತಿಯಲ್ಲ, ಬಟ್ಟೆಯ ಚೀಟಿ ಓದುವ ದನಿಯಲ್ಲೇ ಶುರು ಮಾಡಿದಳು.

ಓರೆ ಓರೆ ಬಾರೇ ಕೋಳಿ,
ಒಂದು ಕಾಲು ಗಿಡ್ಡ ಕೋಳಿ,
ತಟ್ಟೆ ತಂತು, ಚಹಾ ಚೆಲ್ತು,
ಯಾರ್ ಕಟ್ಕೋತಾರ್ ಇದನ್ನ, ಹೇಳಿ!

ಒಂದು ಕ್ಷಣ ಸಭಾಂಗಣ ಸುಮ್ಮನಿತ್ತು. ಆ ಒಂದು ಕ್ಷಣಕ್ಕಾಗಿಯೇ ಅಕ್ಕ ಅಲ್ಲಿಗೆ ಬಂದಿದ್ದಳು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಒಬ್ಬ ಚಪ್ಪಾಳೆ ತಟ್ಟಿದ. ಅದು ಹಾಡಿನ ತಾಳಕ್ಕೆ ಸರಿಯಾಗಿ ಬಿತ್ತು. ಪಕ್ಕದವನು ಸೇರಿದ, ಸಾಲು ಸೇರಿತು, ನಿರೂಪಕ ಕೈ ಮೇಲೆತ್ತಿ "ಮೂಲ ಆವೃತ್ತಿ! ಮೊಟ್ಟಮೊದಲ ಸಲ! ಇನ್ನೊಮ್ಮೆ ಅಮ್ಮ, ಇನ್ನೊಮ್ಮೆ!" ಎಂದು ಕೂಗಿದ. ವಾದ್ಯದವರು ಶ್ರುತಿ ಹಿಡಿದರು. ಆಗಲೇ ಕೆಲವರು ಕುರ್ಚಿ ಸರಿಸಿ ಎದ್ದಿದ್ದರು. ಅವರ ನಡುವೆ, ಅಂದು ಲಾಂಡ್ರಿಯಲ್ಲಿ ಅಕ್ಕನ ಕೈ ಹಿಡಿದುಕೊಂಡಿದ್ದ ಪರದೆಯವಳೂ ಬಲಗಾಲು ಮುಂದಿಟ್ಟು ಸೊಂಟ ಓರೆ ಮಾಡುತ್ತಿದ್ದಳು. "ಕೋಳಿ, ಕೋಳಿ" ಎಂದು ಜನ ಕೂಗಿದರು. ಅವರಿಗೆ ಅದು ನಾರಿಗಿಂತ ರುಚಿಸಿತ್ತು.

ಅಕ್ಕ ತಿರುಗಿ ಸೋಫಾದ ಕಡೆ ನೋಡಿದಳು. ತಮ್ಮ ಫಲಕವನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಯಿಂದ ತಾಳ ಹಾಕುತ್ತಿದ್ದ. ಕಣ್ಣು ತೆರೆದೇ ಇತ್ತು.

ಅವಳು ಮೈಕನ್ನು ನಿರೂಪಕನ ಕೈಗೆ ಕೊಟ್ಟು ಇಳಿದು ಹೋದಳು.

ಹಿಂತಿರುಗುವಾಗ ವ್ಯಾನಿನಲ್ಲಿ ತಮ್ಮ ಬಹಳ ಗೆಲುವಾಗಿದ್ದ. "ನಾನು ಹೆದರಿಬಿಟ್ಟಿದ್ದೆ ಕಣಕ್ಕ. ಆದರೆ ಎಲ್ಲ ಚೆನ್ನಾಗಾಯ್ತು. ನೋಡು, ಯಾರೂ ತಪ್ಪು ತಿಳ್ಕೊಳ್ಳಲಿಲ್ಲ."

ವಾರದೊಳಗೆ ಕೋಳಿ ಹಾಡು ಎಲ್ಲರ ಫೋನಿನಲ್ಲೂ ಕೂಗತೊಡಗಿತು. ಮಗ ಅಕ್ಕನ ದನಿಗೆ ಡೋಲು ಸೇರಿಸಿ ಬಿಟ್ಟಿದ್ದ. ಅವಳು ಚೀಟಿ ಓದಿದಂತೆ ಹಾಡಿದ್ದೇ ಹೊಸ ಶೈಲಿ ಎಂದು ಯಾರೋ ಬರೆದರು. ಕಾಲೇಜಿನ ಹುಡುಗರು ಲಾಂಡ್ರಿಯ ಬಾಗಿಲಿಗೆ ಬಂದು, "ಓರೆ ಕೋಳಿ ಆಂಟಿ ಇದಾರಾ? ಒಂದು ಫೋಟೋ!" ಎಂದರು. ಅಕ್ಕ ಒಬ್ಬನ ಅಂಗಿಯ ಕಾಲರ್ ನೋಡಿ, "ಒಗೆಸ್ಕೊಳ್ಳೋಕೆ ಬಂದಿದ್ರೆ ಬಿಚ್ಚು, ಇಲ್ಲಾಂದ್ರೆ ನಡಿ," ಎಂದಳು. ಅದನ್ನೂ ಅವರು ಚಿತ್ರೀಕರಿಸಿಕೊಂಡು ಹೋದರು. ಸೊಸೆ ತನ್ನ ತರಗತಿಯಿಂದ ಆ ಹಾಡನ್ನು ತೆಗೆದುಹಾಕಿದಳು. ಮೂವರು ಹೆಂಗಸರು ದುಡ್ಡು ವಾಪಸು ಕೇಳಿದರು.

ಮಗ ಒಂದು ಸಂಜೆ ಬಣ್ಣದ ಹಲಗೆಯೊಂದರ ಚಿತ್ರ ತಂದು ಮೇಜಿನ ಮೇಲೆ ಇಟ್ಟ. "ಅತ್ತೆ, ಲಾಂಡ್ರಿಗೆ ಹೊಸ ಹೆಸರು. ಓರೆ ಕೋಳಿ ಲಾಂಡ್ರಿ. ಒಂದು ಕೋಳಿ ಚಿತ್ರ, ಇಸ್ತ್ರಿಪೆಟ್ಟಿಗೆ ಹಿಡ್ಕೊಂಡಿರೋ ಹಾಗೆ. ವ್ಯಾಪಾರ ಎರಡರಷ್ಟಾಗುತ್ತೆ."

"ಚೆನ್ನಾಗಿದೆಯಲ್ಲ!" ಎಂದ ತಮ್ಮ, ಕನ್ನಡಕ ಹಾಕಿಕೊಂಡು.

ಅಕ್ಕ ಊಟ ಮುಗಿಸಿದಳು. ತಟ್ಟೆ ತೊಳೆದಿಟ್ಟಳು. ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಿಗೆ ಒರಗಿ ನಿಂತಳು.

"ಈ ತಿಂಗಳ ಕೊನೆಗೆ ನೀವು ಬೇರೆ ಮನೆ ನೋಡ್ಕೊಳ್ಳಿ."

ತಮ್ಮ ನಕ್ಕ. ಬೇರೆ ಯಾರೂ ನಗಲಿಲ್ಲವೆಂದು ಕಂಡಮೇಲೆ ನಿಲ್ಲಿಸಿದ. "ಯಾಕೆ? ಒಂದು ಹಲಗೆಗಾ? ಬೇಡ ಅಂದ್ರೆ ಬೇಡ ಬಿಡು."

"ಹಲಗೆಗಲ್ಲ. ಮೇಲಿನ ಕೋಣೆಗಳಿಗೆ ಬಾಯ್ಲರ್ ಹಾಕಿಸ್ತೀನಿ. ಜಾಗ ಸಾಲ್ತಿಲ್ಲ."

ಹತ್ತು ದಿನ ಒಬ್ಬರಾದ ಮೇಲೊಬ್ಬರು ಅವಳ ಮನಸ್ಸು ತಿರುಗಿಸಲು ನೋಡಿದರು. ಮಗ ಹಲಗೆಯ ಚಿತ್ರ ಹರಿದು ಹಾಕಿದ. ತಮ್ಮ ಊಟ ಬಿಟ್ಟ, ಆದರೆ ಮಧ್ಯಾಹ್ನ ಹೋಟೆಲಿಗೆ ಹೋಗುವುದನ್ನು ಬೀದಿಯವರೆಲ್ಲ ನೋಡಿದರು. ಅಕ್ಕ ಬಾಯ್ಲರಿನವನನ್ನು ಕರೆಸಿ ಗೋಡೆ ಅಳೆಸಿದಳು. ಕೊನೆಗೆ ಮಗನೇ ಎರಡು ಬೀದಿಯಾಚೆ ಮೂರನೇ ಮಹಡಿಯಲ್ಲಿ ಒಂದು ಮನೆ ಹಿಡಿದ.

ಹೊರಡುವ ದಿನ ತಮ್ಮನ ಹೆಂಡತಿ ತನ್ನ ಪೆಟ್ಟಿಗೆಯನ್ನು ಕೆಳಗೆ ತಂದು ಲಾಂಡ್ರಿಯ ಮೇಜಿನ ಪಕ್ಕ ಇಟ್ಟಳು.

"ನೀನು ಬೇಕಾದ್ರೆ ಇರು," ಎಂದಳು ಅಕ್ಕ, ತಲೆ ಎತ್ತದೆ. "ನಿನ್ನನ್ನ ಹೋಗು ಅಂದಿಲ್ಲ."

"ಇಲ್ಲ, ನಾನು ಹೋಗ್ತೀನಿ. ಅವರಿಗೆ ಮೂರು ಹೊತ್ತೂ ನಾನೇ ಬಡಿಸಬೇಕು, ಎದುರಿಗೇ ಕೂತ್ಕೊಂಡು. ಪ್ರತಿ ತುತ್ತಿಗೂ ಸೇತುವೆ ಎಲ್ಲಿತ್ತು ಅಂತ ಕೇಳ್ತೀನಿ. ಬಿಟ್ಟು ಹೋದ್ರೆ ಆರಾಮಾಗಿ ಬಿಡ್ತಾರೆ." ಅವಳು ಪೆಟ್ಟಿಗೆ ಎತ್ತಿಕೊಂಡು, "ಬುಧವಾರ ಅವರ ಅಂಗಿ ಕಳಿಸ್ಲಾ?" ಎಂದಳು.

"ನಿನ್ನದು ಕಳಿಸು. ಅವನದು ಅವನೇ ಒಗೆದ್ಕೊಳ್ಳಲಿ."

ಸೊಸೆ ಗಿಡದ ಕುಂಡಗಳನ್ನು ವ್ಯಾನಿಗೆ ಸಾಗಿಸುತ್ತ, ಶನಿವಾರ ಬರುತ್ತೇನೆ ದೊಡ್ಡತ್ತೆ, ಎಂದಳು. "ಬಾ. ಬಾಯಿ ಮನೇಲಿಟ್ಟು ಬರಬೇಡ," ಎಂದಳು ಅಕ್ಕ. ಆ ಮನೆಯಲ್ಲಿ ಅವಳು ಯಾರಿಗಾದರೂ ಹೇಳಿದ ಮೆಚ್ಚುಗೆಯ ಮಾತು ಅದೊಂದೇ.

ತಮ್ಮ ಎಲ್ಲರಿಗಿಂತ ಕೊನೆಗೆ ಇಳಿದ. ಗಾಜಿನ ಫಲಕವನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಮೇಜಿನ ಮುಂದೆ ಗಿರಾಕಿಯಂತೆ ನಿಂತ.

"ಒಂದು ಮಾತು ಕೇಳ್ತೀನಿ ಅಕ್ಕ. ನಲವತ್ತು ವರ್ಷ ಒಂದೇ ಮನೇಲಿದ್ವಿ. ಒಂದು ದಿನ ನೀನು ಆ ಹಾಡಿನ ಬಗ್ಗೆ ಮಾತೆತ್ತಲಿಲ್ಲ. ಈಗ ಕೊನೇ ಕಾಲಕ್ಕೆ ಹೊರಗೆ ಹಾಕ್ತಿದೀಯ. ಹುಡುಗುಬುದ್ಧೀಲಿ ಬರೆದಿದ್ದು ಅಂತ ನಿನಗೂ ಗೊತ್ತು."

"ಗೊತ್ತು. ಹತ್ತೊಂಬತ್ತು ವರ್ಷದ ಹುಡುಗ, ಸ್ನೇಹಿತರ ಮುಂದೆ ದೊಡ್ಡವನಾಗೋಕೆ ಬರೆದ ಅಂತ ಅವತ್ತೇ ಬಿಟ್ಟುಬಿಟ್ಟೆ. ಬರೆದದ್ದಕ್ಕೆ ಹೋಗು ಅಂತಿಲ್ಲ."

"ಮತ್ಯಾಕೆ?"

"ಮೊನ್ನೆ ತಾಳ ಹಾಕಿದ್ಯಲ್ಲ, ಅದಕ್ಕೆ."

ತಮ್ಮ ಹೇಳಲು ಏನೋ ಇರುವಂತೆ ಕಣ್ಣು ಮುಚ್ಚಲು ಹೋದ. ಅಕ್ಕ ನೋಡುತ್ತಲೇ ಇದ್ದಳು, ಮುಚ್ಚಲಾಗಲಿಲ್ಲ. ಹೊರಗೆ ಮಗ ವ್ಯಾನಿನ ಹಾರನ್ ಒತ್ತಿದ. ತಮ್ಮ ಫಲಕವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಬಾಗಿಲವರೆಗೆ ಹೋದ.

"ಬೀಗದ ಕೈ," ಎಂದಳು ಅಕ್ಕ.

ಅವನು ತಿರುಗಿ ಬಂದು, ಜೇಬು ತಡಕಾಡಿ, ಮೇಜಿನ ಮೇಲೆ ಇಟ್ಟು ಹೋದ.